ಓಡಿದ ಕಾರಿಗಿಂತ ನಿಂತ ಕಾರಿಗೇ ಜಾಸ್ತಿ ಹೆದರಬೇಕು

(ಕ್ಯಾಲಿಫೋರ್ನಿಯಾದಲ್ಲಿ ನಮ್ಮ ಕನ್ನಡದವರ ಕೂಟದಲ್ಲಿ ಹಳೇ ಸ್ಪೋರ್ಟ್ಸ್ ಕಾರುಗಳ ಬಗ್ಗೆ ಆಡಿದ ಮಾತು. ಮಾತಾಡಿದ ಹಾಗೇ ಟೈಪ್ ಮಾಡಿದೀನಿ, ಮಧ್ಯೆ ಮಧ್ಯೆ ಬಂದ ಪ್ರಶ್ನೆಗಳಲ್ಲಿ ಕೆಲವನ್ನ ಕೊನೇಲಿ ಸೇರಿಸಿದೀನಿ.)

ಎಲ್ರಿಗೂ ನಮಸ್ಕಾರ. ಇಲ್ಲಿ ಕೂತಿರೋರಲ್ಲಿ ಕೆಲವರು ಈಗಾಗ್ಲೇ ಒಂದು ಹಳೇ ಪೋರ್ಷೆ ಬಾಕ್ಸ್‌ಸ್ಟರೋ ಮಾಜ್ದಾ ಮಿಯಾಟಾನೋ ಇಟ್ಕೊಂಡಿದೀರ, ಇನ್ನು ಕೆಲವರು ತಗೊಳ್ಳೋ ಯೋಚನೇಲಿ ಇದೀರ, ಫೋನಲ್ಲಿ ಜಾಹೀರಾತು ತೋರಿಸಿ ಎಲ್ರೂ ನನ್ನ ಕೇಳೋದು ಒಂದೇ ಮಾತು, "ಇಷ್ಟು ಓಡಿದೆಯಲ್ಲ, ಜಾಸ್ತಿ ಆಯ್ತಾ?" ಅಂತ. ಇವತ್ತು ನಾನು ಹೇಳಕ್ಕೆ ಬಂದಿರೋದು ಇಷ್ಟೇ, ಆ ಪ್ರಶ್ನೆನ ಕೇಳಿ, ಆದ್ರೆ ಮೊದಲು ಕೇಳ್ಬೇಡಿ. ಮೊದಲು ಕೇಳ್ಬೇಕಾಗಿರೋದು ಈ ಕಾರು ಎಷ್ಟು ಕಾಲ ಸುಮ್ನೆ ನಿಂತಿತ್ತು, ಮಾಡ್ಬೇಕಾಗಿದ್ದ ಯಾವ ಕೆಲಸನ ಮುಂದಕ್ಕೆ ಹಾಕ್ಕೊಂಡು ಬಂದಿದಾರೆ, ಮತ್ತೆ ಈ ಮಾಡೆಲ್‌ಗೆ ಹುಟ್ಟಿನಿಂದಲೇ ಬಂದಿರೋ ವೀಕ್‌ನೆಸ್ ಯಾವ್ದು ಅಂತ.

ಇರ್ವ್ ಗಾರ್ಡನ್ ಅನ್ನೋ ಹೆಸರು ಕೇಳಿದೀರಾ? ನ್ಯೂಯಾರ್ಕ್‌ನ ಲಾಂಗ್ ಐಲೆಂಡ್‌ನಲ್ಲಿ ಸೈನ್ಸ್ ಮೇಷ್ಟ್ರಾಗಿದ್ದವರು. 1966ರಲ್ಲಿ ಒಂದು ವೋಲ್ವೋ ಪಿ1800ಎಸ್ ತಗೊಂಡ್ರು, ಎರಡು ಬಾಗಿಲಿನ ಕೆಂಪು ಸ್ಪೋರ್ಟ್ಸ್ ಕೂಪೆ. ದಿನಾ ಸ್ಕೂಲಿಗೆ ಹೋಗಿ ಬರೋಕೇ ನೂರು ಮೈಲಿ ಮೇಲೆ ಆಗ್ತಿತ್ತು. ಆ ಕಾರು 1987ರಲ್ಲಿ 10 ಲಕ್ಷ ಮೈಲಿ ದಾಟ್ತು, 2002ರಲ್ಲಿ 20 ಲಕ್ಷ, 2013ರ ಸೆಪ್ಟೆಂಬರ್‌ನಲ್ಲಿ ಅಲಾಸ್ಕಾದ ಹೈವೇ ಮೇಲೆ 30 ಲಕ್ಷ ಮೈಲಿ. ನಮ್ಮ ಲೆಕ್ಕದಲ್ಲಿ 48 ಲಕ್ಷ ಕಿಲೋಮೀಟರ್. ಒಬ್ಬನೇ ಮಾಲೀಕ, ಒಂದೇ ಕಾರು, ಗಿನ್ನೆಸ್ ದಾಖಲೆ. 2018ರಲ್ಲಿ ಅವರು ತೀರಿಕೊಳ್ಳೋವರೆಗೂ ಅದನ್ನ ಓಡಿಸ್ತಾನೇ ಇದ್ರು. ಎಂಜಿನ್ ಮೊದಲನೇ ಸಲ ಬಿಚ್ಚಿ ಕಟ್ಟಿದ್ದು 6 ಲಕ್ಷದ 80 ಸಾವಿರ ಮೈಲಿ ಆದಮೇಲೆ.

ಅವರು ಮಾಡಿದ್ದು ಏನು ಅಂತ ಹುಡುಕಿದ್ರೆ ಯಾವ ಗುಟ್ಟೂ ಸಿಗಲ್ಲ. ಕಾರಿನ ಜೊತೆ ಬಂದ ಮ್ಯಾನುಯಲ್ ಹೇಳಿದ ಕೆಲಸ, ಹೇಳಿದ ಟೈಮಿಗೆ, 3,000 ಚಿಲ್ಲರೆ ಮೈಲಿಗೆ ಒಂದ್ಸಲ ಆಯಿಲ್, ಏನೋ ಹೊಸ ಸದ್ದು ಬಂದ್ರೆ ಅವತ್ತೇ ನೋಡೋದು. ಜನ ಇದನ್ನ ಕೇಳಿ "ಹಳೇ ವೋಲ್ವೋ ಗಟ್ಟಿ ಬಿಡಿ" ಅಂತಾರೆ, ಗಟ್ಟಿ ಹೌದು, ಆದ್ರೆ ಅದೇ ಪಿ1800 ಎಷ್ಟೋ ಸಾವಿರ ತಯಾರಾದ್ವಲ್ಲ, ಬೇರೆ ಯಾವ್ದೂ ಅಷ್ಟು ದೂರ ಹೋಗಿಲ್ಲ. ವರ್ಷಕ್ಕೆ ಸರಾಸರಿ 60 ಸಾವಿರ ಮೈಲಿ ಮೇಲೆ ಓಡಿದ ಎಂಜಿನ್ ಅಂದ್ರೆ ಅದು ಬಹುತೇಕ ಟೈಮ್ ಬಿಸಿಯಾಗೇ ಇತ್ತು, ಆಯಿಲ್ ಎಲ್ಲಾ ಕಡೆ ಹರೀತಾನೇ ಇತ್ತು. ಇದೇ ನನ್ನ ಮಾತಿನ ಮೂಲ.

ಎಂಜಿನ್ ಹೆಚ್ಚು ಸವೆಯೋದು ತಣ್ಣಗಿದ್ದಾಗ. ಸ್ಟಾರ್ಟ್ ಮಾಡಿದ ಮೊದಲ ಕ್ಷಣಗಳಲ್ಲಿ ಮೇಲಿನ ಭಾಗಕ್ಕೆ ಆಯಿಲ್ ಇನ್ನೂ ತಲುಪಿರಲ್ಲ, ಪಿಸ್ಟನ್ ಇನ್ನೂ ಹಿಗ್ಗಿ ತನ್ನ ಅಳತೆಗೆ ಬಂದಿರಲ್ಲ, ಮಿಕ್ಸ್ಚರ್‌ನಲ್ಲಿ ಪೆಟ್ರೋಲ್ ಜಾಸ್ತಿ ಇರುತ್ತೆ, ಅದರಲ್ಲಿ ಸ್ವಲ್ಪ ಸಿಲಿಂಡರ್ ಗೋಡೆಯಿಂದ ಕೆಳಗಿಳಿದು ಆಯಿಲ್‌ಗೆ ಸೇರುತ್ತೆ. ಇಂಧನ ಉರಿದಾಗ ನೀರಾವಿ ಹುಟ್ಟುತ್ತಲ್ಲ, ಅದೂ ಎಂಜಿನ್ನಿನ ಕೆಳಗಿನ ಕೇಸ್ ಒಳಗೆ ಇಳಿದು ನೀರಾಗಿ ಕೂರುತ್ತೆ. ಇದೆಲ್ಲ ಆವಿಯಾಗಿ ಹೋಗ್ಬೇಕು ಅಂದ್ರೆ ಆಯಿಲ್ ಚೆನ್ನಾಗಿ ಕಾಯಬೇಕು, ಡ್ಯಾಶ್‌ಬೋರ್ಡ್‌ನಲ್ಲಿ ಕೂಲೆಂಟ್ ಮುಳ್ಳು ಮಧ್ಯಕ್ಕೆ ಬಂದ ತಕ್ಷಣ ಆಯಿಲ್ ಕಾದಿದೆ ಅಂತಲ್ಲ, ಅದಕ್ಕೆ ಇನ್ನೂ ಟೈಮ್ ಬೇಕು. ಈಗ ಯೋಚನೆ ಮಾಡಿ, ವಾರಕ್ಕೊಂದ್ಸಲ ಗ್ಯಾರೇಜಿಂದ ತೆಗೆದು ಕಾಫಿ ಅಂಗಡಿವರೆಗೆ ಹೋಗಿ ವಾಪಸ್ ತಂದು ಕವರ್ ಹಾಕಿಟ್ಟ ಕಾರಿನ ಎಂಜಿನ್ ಒಳಗೆ ಏನು ನಡೀತಿರುತ್ತೆ. ಪ್ರತಿ ಸಲ ಸ್ವಲ್ಪ ನೀರು, ಸ್ವಲ್ಪ ಪೆಟ್ರೋಲ್, ಸ್ವಲ್ಪ ಆಸಿಡ್. ಓಡೋಮೀಟರ್ ಮಾತ್ರ 38,000 ಅಂತ ತೋರಿಸ್ತಾ ಇರುತ್ತೆ, ಜಾಹೀರಾತಿನಲ್ಲಿ ಅದಕ್ಕೆ ಮೂರು ಆಶ್ಚರ್ಯಸೂಚಕ ಚಿಹ್ನೆ. ಊರಲ್ಲಿ ವರ್ಷಗಟ್ಟಲೆ ಬೀಗ ಹಾಕಿದ ಮನೆ ಹೇಗಾಗುತ್ತೆ ಅಂತ ನಿಮಗೆಲ್ಲ ಗೊತ್ತು, ಯಾರೂ ಬಳಸಿಲ್ಲ ಅಂತ ಅದೇನು ಹೊಸದಾಗಿ ಉಳಿಯಲ್ಲ.

ಈಗ ಬಾಕ್ಸ್‌ಸ್ಟರ್‌ಗೆ ಬರ್ತೀನಿ, ಯಾಕಂದ್ರೆ ಇಲ್ಲಿ ಇರೋರಲ್ಲಿ ಜಾಸ್ತಿ ಜನಕ್ಕೆ ಆಸೆ ಇರೋದು ಅದರ ಮೇಲೆ, ನನ್ನ ಹತ್ರ ಇರೋದೂ ಅದೇ, ಒಂದೂವರೆ ಲಕ್ಷ ಮೈಲಿ ದಾಟಿದೆ. 1996ರಲ್ಲಿ ಪೋರ್ಷೆ ಮೊದಲನೇ ಬಾಕ್ಸ್‌ಸ್ಟರ್ ತಂತು, ಅದರ ಹಿಂದೆನೇ 996 ಅಂತ ಕರೆಯೋ 911. ಎರಡಕ್ಕೂ ಎಂ96 ಅನ್ನೋ ನೀರಿನಿಂದ ತಂಪಾಗೋ ಆರು ಸಿಲಿಂಡರ್ ಎಂಜಿನ್. ಈ ಎಂಜಿನ್ ಒಳಗೆ ಇಂಟರ್‌ಮೀಡಿಯೇಟ್ ಶಾಫ್ಟ್ ಅಂತ ಒಂದಿದೆ, ಎಲ್ರೂ ಐಎಂಎಸ್ ಅಂತಾರೆ. ಪಿಸ್ಟನ್‌ಗಳು ತಿರುಗಿಸೋ ಕ್ರ್ಯಾಂಕ್‌ನಿಂದ ಇದಕ್ಕೆ ಚೈನು, ಇದರಿಂದ ವಾಲ್ವ್ ತೆಗೆದು ಮುಚ್ಚೋ ಕ್ಯಾಮ್‌ಶಾಫ್ಟ್‌ಗಳಿಗೆ ಚೈನು. ಈ ಶಾಫ್ಟಿನ ಫ್ಲೈವೀಲ್ ಕಡೆಯ, ಅಂದ್ರೆ ಗೇರ್‌ಬಾಕ್ಸ್ ಕಡೆಯ ತುದೀಲಿ ಒಂದು ಬಾಲ್ ಬೇರಿಂಗ್. ಎಂಜಿನ್ ಒಳಗೇ ಕೂತಿದ್ರೂ ಅದಕ್ಕೆ ಎಂಜಿನ್ ಆಯಿಲ್ ಸೇರೋ ಹಾಗಿಲ್ಲ, ಗ್ರೀಸ್ ತುಂಬಿ ಎರಡೂ ಕಡೆ ಸೀಲ್ ಮಾಡಿರೋ ಬೇರಿಂಗ್ ಅದು.

ತೊಂದರೆ ಶುರುವಾಗೋದು ಅಲ್ಲೇ. ವರ್ಷಗಳು ಕಳೀತಾ ಸೀಲ್ ಗಟ್ಟಿಯಾಗುತ್ತೆ, ಬಿಸಿ ಆಯಿಲ್ ನಿಧಾನಕ್ಕೆ ಒಳಗೆ ನುಗ್ಗಿ ಗ್ರೀಸನ್ನ ತೊಳೆದುಬಿಡುತ್ತೆ, ಆದ್ರೆ ಸೀಲ್ ಇನ್ನೂ ಇರೋದ್ರಿಂದ ಒಳಗೆ ಹೋದ ಆಯಿಲ್ ಸಲೀಸಾಗಿ ಬದಲಾಗಲ್ಲ, ಹಳೇ ಆಯಿಲ್, ನೀರಿನಂಶ ಎಲ್ಲ ಅಲ್ಲೇ ಕೂರುತ್ತೆ. ಗುಂಡುಗಳ ಮೇಲೆ ಸಣ್ಣ ಗುಳಿ ಬೀಳುತ್ತೆ, ಲೋಹದ ಚೂರು ಉದುರುತ್ತೆ, ಕೊನೆಗೊಂದು ದಿನ ಬೇರಿಂಗ್ ಒಡೆದ್ರೆ ಶಾಫ್ಟ್ ಅಲ್ಲಾಡಿ ಚೈನ್ ಟೈಮಿಂಗ್ ತಪ್ಪಿ ವಾಲ್ವ್‌ಗಳು ಪಿಸ್ಟನ್‌ಗೆ ಬಡೀತವೆ. ಅಲ್ಲಿಗೆ ಎಂಜಿನ್ ಮುಗೀತು. ಮೊದಲ ವರ್ಷಗಳ ಕಾರುಗಳಲ್ಲಿ ಎರಡು ಸಾಲು ಗುಂಡಿನ ಬೇರಿಂಗ್ ಇತ್ತು, ಅದು ಎಷ್ಟೋ ವಾಸಿ. ಸುಮಾರು 2000ದಿಂದ 2005ರವರೆಗೆ ಒಂದೇ ಸಾಲಿಂದು ಹಾಕಿದ್ರು, ಜಾಸ್ತಿ ಹೋಗಿದ್ದು ಅದೇ, ಇಲ್ಲಿ ಅಮೆರಿಕದಲ್ಲಿ ಅದರ ಮೇಲೆ ಓನರ್‌ಗಳ ಪರವಾಗಿ ಒಟ್ಟಾಗಿ ಹಾಕೋ ಕ್ಲಾಸ್ ಆಕ್ಷನ್ ಕೇಸ್ ಆಗಿ 2013ರಲ್ಲಿ ರಾಜಿ ಆಯ್ತು. ಆಮೇಲೆ ದೊಡ್ಡ ಬೇರಿಂಗ್ ಬಂತು, 2009ರ ಮಾಡೆಲ್‌ನ ಹೊಸ ಎಂಜಿನ್‌ನಲ್ಲಿ ಆ ಶಾಫ್ಟನ್ನೇ ತೆಗೆದುಬಿಟ್ರು. ಅದೇ ಕಾಲದ 911 ಟರ್ಬೋ, ಜಿಟಿ3ಗಳಲ್ಲಿ ಇದ್ದಿದ್ದು ಬೇರೆ ಎಂಜಿನ್, ಅದಕ್ಕೆ ಈ ರೋಗ ಇಲ್ಲ.

ಇದನ್ನ ಇಷ್ಟು ಬಿಡಿಸಿ ಯಾಕೆ ಹೇಳ್ತಿದೀನಿ ಅಂದ್ರೆ, ಈ ಕಾರುಗಳ ಮೇಲೆ ದಿನಾ ಕೆಲಸ ಮಾಡೋ ಮೆಕ್ಯಾನಿಕ್‌ಗಳನ್ನ ಕೇಳಿದ್ರೆ ಮತ್ತೆ ಮತ್ತೆ ಬರೋ ಮಾತು ಒಂದೇ, ದಿನಾ ಓಡೋ, ಆಯಿಲ್ ಬೇಗ ಬೇಗ ಬದಲಾಗೋ ಕಾರಿಗಿಂತ ಕಮ್ಮಿ ಓಡಿ ಗ್ಯಾರೇಜಲ್ಲಿ ಕೂತ ಕಾರಲ್ಲೇ ಇದು ಹೆಚ್ಚು ಕಾಡುತ್ತೆ ಅಂತ. ಮೇಲೆ ಹೇಳಿದ ಕಾರಣ ನೋಡಿದ್ರೆ ಆಶ್ಚರ್ಯ ಏನಿಲ್ಲ. ಆಗ ಕಂಪನಿ ಕೊಟ್ಟಿದ್ದ ಆಯಿಲ್ ಇಂಟರ್ವಲ್ 15,000 ಮೈಲಿ, ಇವತ್ತು ಈ ಎಂಜಿನ್ ಗೊತ್ತಿರೋರು ಯಾರೂ ಅಷ್ಟು ದಿನ ಬಿಡಲ್ಲ, 5,000 ಮೈಲಿ ಅಥವಾ ವರ್ಷಕ್ಕೊಂದ್ಸಲ, ಯಾವ್ದು ಮೊದಲು ಬರುತ್ತೋ ಅದು. ಕ್ಲಚ್ ಬದಲಾಯಿಸೋ ದಿನ ಹೇಗೂ ಗೇರ್‌ಬಾಕ್ಸ್ ಇಳಿಸಲೇಬೇಕು, ಆಗ ಫ್ಲೈವೀಲ್ ತೆಗೆದ್ರೆ ಆ ಬೇರಿಂಗ್ ಕವರ್ ಎದುರಿಗೇ ಕಾಣುತ್ತೆ, ಪಕ್ಕದಲ್ಲೇ ಕ್ರ್ಯಾಂಕಿನ ಹಿಂದಿನ ಸೀಲ್. ಮೂರನ್ನೂ ಒಂದೇ ಸಲ ಮಾಡಿಸಿ. ಲೇಬರ್ ಒಂದೇ ಸಲ ಕೊಡ್ತೀರ. ಕ್ಲಚ್ ಮಾತ್ರ ಹಾಕಿಸಿ ಬೇರಿಂಗ್ ಬಿಟ್ಟಿರೋ ಬಿಲ್ ಯಾರಾದ್ರೂ ತೋರಿಸಿದ್ರೆ ಆ ಓನರ್ ಬಗ್ಗೆ ನಿಮಗೆ ಅರ್ಧ ಗೊತ್ತಾದ ಹಾಗೆ.

ಆಯಿಲ್ ಫಿಲ್ಟರ್ ಎಸೀಬೇಡಿ, ಇದು ನಾನು ಎಲ್ರಿಗೂ ಕೈ ಮುಗಿದು ಹೇಳೋ ಮಾತು. ಈ ಎಂಜಿನ್‌ನ ಫಿಲ್ಟರ್ ಪ್ಲಾಸ್ಟಿಕ್ ಡಬ್ಬದೊಳಗೆ ಕೂರೋ ಪೇಪರ್ ಸುರುಳಿ. ಅದನ್ನ ಒಂದು ರಾತ್ರಿ ಸೋರಕ್ಕೆ ಬಿಟ್ಟು, ಚಾಕುವಲ್ಲಿ ಮೇಲೆ ಕೆಳಗೆ ಕತ್ತರಿಸಿ, ಮಡಿಕೆ ಮಡಿಕೆಯಾಗಿ ಬಿಡಿಸಿ ಬಿಳಿ ಪೇಪರ್ ಮೇಲೆ ಹರಡಿ ಬಿಸಿಲಿಗೆ ಹಿಡಿದು ನೋಡಿ. ಒಂದೊಂದು ಸಣ್ಣ ಮಿಣುಕು ಇರುತ್ತೆ, ಅದಕ್ಕೆ ಗಾಬರಿ ಬೇಡ. ಮ್ಯಾಗ್ನೆಟ್ ಹಿಡಿದಾಗ ಎದ್ದು ಬರೋ ಚೂರುಗಳಿದ್ರೆ ಅದು ಸ್ಟೀಲು, ಬೇರಿಂಗ್ ಕಡೆ ಗಮನ ಕೊಡಿ. ಮ್ಯಾಗ್ನೆಟ್‌ಗೆ ಅಂಟದ ಬೆಳ್ಳಿ ಬಣ್ಣದ್ದು ಅಲ್ಯುಮಿನಿಯಂ. ಕಂದು ಬಣ್ಣದ ಪ್ಲಾಸ್ಟಿಕ್ ಚೂರಾದ್ರೆ ಚೈನ್ ಒರಗೋ ಪ್ಯಾಡ್ ಸವೀತಿದೆ. ಹತ್ತು ನಿಮಿಷದ ಕೆಲಸ, ಎಂಜಿನ್ ತಾನೇ ತನ್ನ ಸ್ಥಿತಿ ಬರೆದು ಕೊಡುತ್ತೆ. ಜೊತೆಗೆ ಸ್ವಲ್ಪ ಹಳೇ ಆಯಿಲನ್ನ ಲ್ಯಾಬ್‌ಗೆ ಕಳ್ಸಿದ್ರೆ ಕಬ್ಬಿಣ, ತಾಮ್ರ, ಸಿಲಿಕಾನ್ ಎಷ್ಟೆಷ್ಟಿದೆ ಅಂತ ರಿಪೋರ್ಟ್ ಬರುತ್ತೆ, ಸಿಲಿಕಾನ್ ಜಾಸ್ತಿ ಅಂದ್ರೆ ಏರ್ ಫಿಲ್ಟರ್ ಕಡೆಯಿಂದ ಧೂಳು ನುಗ್ತಿದೆ ಅಂತ. ಒಂದು ರಿಪೋರ್ಟಿಂದ ಜಾಸ್ತಿ ಗೊತ್ತಾಗಲ್ಲ, ಸಾಲಾಗಿ ನಾಲ್ಕೈದು ಇದ್ರೆ ಯಾವ್ದು ಏರ್ತಿದೆ ಅಂತ ಕಾಣುತ್ತೆ.

ಇನ್ನೊಂದು ವಿಷಯ, ಇದು ನನಗೆ ತುಂಬಾ ಇಷ್ಟ. 2000ದ ನಂತರದ ಬಾಕ್ಸ್‌ಸ್ಟರ್, ಆ ಕಾಲದ 911ಗಳ ಎಂಜಿನ್ ಕಂಪ್ಯೂಟರ್ ಒಟ್ಟು ಎಷ್ಟು ಗಂಟೆ ಎಂಜಿನ್ ತಿರುಗಿದೆ ಅಂತ ಲೆಕ್ಕ ಇಟ್ಕೊಂಡಿರುತ್ತೆ, ಸರಿಯಾದ ಸ್ಕ್ಯಾನರ್ ಹಾಕಿದ್ರೆ ಓದಬಹುದು. ಮೈಲಿಯನ್ನ ಗಂಟೆಯಿಂದ ಭಾಗಿಸಿ. 1,20,000 ಮೈಲಿ, 3,000 ಗಂಟೆ ಅಂದ್ರೆ ಸರಾಸರಿ 40, ಹೈವೇ ಕಾರು, ಒಳ್ಳೇ ಜೀವನ ಕಂಡಿದೆ. 45,000 ಮೈಲಿಗೆ 2,500 ಗಂಟೆ ಅಂದ್ರೆ ಸರಾಸರಿ 18, ಇಡೀ ಜೀವನ ಟ್ರಾಫಿಕ್‌ನಲ್ಲಿ, ಸಣ್ಣ ಸಣ್ಣ ಓಡಾಟದಲ್ಲಿ ಕಳೆದಿದೆ, ಇಲ್ಲಾ ಓಡೋಮೀಟರ್ ಮೇಲೆ ಯಾರದೋ ಕೈ ಬಿದ್ದಿದೆ. ಅದೇ ಕಂಪ್ಯೂಟರ್‌ನಲ್ಲಿ ಓವರ್‌ರೆವ್ ದಾಖಲೆನೂ ಇದೆ, ರೇಂಜ್ 1, ರೇಂಜ್ 2 ಅಂತ. ಮೊದಲನೇದು ಆಕ್ಸಿಲರೇಟರ್ ಒತ್ತಿ ಲಿಮಿಟರ್ ಮುಟ್ಟಿದ್ದು, ಅದು ಪರವಾಗಿಲ್ಲ, ಸ್ಪೋರ್ಟ್ಸ್ ಕಾರು ತಾನೆ. ಎರಡನೇದು ಹೆಚ್ಚಾಗಿ ತಪ್ಪು ಗೇರ್‌ಗೆ ಇಳಿಸಿದಾಗ ಚಕ್ರಗಳೇ ಎಂಜಿನ್ನನ್ನ ಮಿತಿ ಮೀರಿ ತಿರುಗಿಸಿದ್ದು, ಕೊನೇ ಸಲ ಎಷ್ಟನೇ ಗಂಟೇಲಿ ಆಗಿದ್ದು ಅಂತಾನೂ ಬರೆದಿರುತ್ತೆ. ಸಾವಿರ ಗಂಟೆ ಹಿಂದೆ ಆಗಿದ್ದು ಆಗಿಹೋಯ್ತು, ಎಂಜಿನ್ ತಡ್ಕೊಂಡಿದೆ. ಹೋದ ತಿಂಗಳು ಆಗಿದ್ರೆ ಯೋಚನೆ ಮಾಡಿ. ಮಾರೋರು ಏನೇ ಹೇಳ್ಲಿ, ಇದು ಸುಳ್ಳು ಹೇಳಲ್ಲ.

ಬೇರೆ ಕಾರುಗಳಿಗೂ ಹೀಗೇ ಒಂದೊಂದು ಹುಟ್ಟುಗುಣ. ಬಿಎಂಡಬ್ಲ್ಯು ಇ46 ಎಂ3 ತಗೊಳ್ಳೋರು ಎಂಜಿನ್ ಸದ್ದು ಕೇಳಿ ಮರುಳಾಗ್ತಾರೆ, ಆದ್ರೆ ಹಿಂದಿನ ಸಬ್‌ಫ್ರೇಮ್, ಅಂದ್ರೆ ಹಿಂದಿನ ಸಸ್ಪೆನ್ಷನ್ ಹೊತ್ತಿರೋ ಚೌಕಟ್ಟು, ಕಚ್ಕೊಂಡಿರೋ ಜಾಗದಲ್ಲಿ ಬಾಡಿ ತಗಡೇ ಬಿರುಕು ಬಿಡುತ್ತೆ, ಕಾರು ಎತ್ತಿಸಿ ಟಾರ್ಚ್ ಹಾಕಿ ಅದನ್ನ ನೋಡ್ದೆ ದುಡ್ಡು ಕೊಡ್ಬೇಡಿ. ಮೊದಲ ವರ್ಷಗಳ ಆ ಎಂ3ಗೆ ಕನೆಕ್ಟಿಂಗ್ ರಾಡ್ ಬೇರಿಂಗನ್ನ ಕಂಪನಿಯೇ ಕಾರು ಕರೆಸಿ ಬದಲಾಯಿಸೋ ರೀಕಾಲ್ ಇತ್ತು, ಆಗಿದೆಯಾ ಅಂತ ಪೇಪರ್ ಕೇಳಿ. ಹೋಂಡಾ ಎಸ್2000, ಮೊದಲ ಅವತಾರದಲ್ಲಿ 9,000 ಆರ್‌ಪಿಎಂ ರೆಡ್‌ಲೈನ್, ಅಂದ್ರೆ ನಿಮಿಷಕ್ಕೆ 9,000 ಸುತ್ತಿನ ಮಿತಿ, ಆದ್ರೂ ಎಂಜಿನ್ ಮಾತ್ರ ಅದ್ಭುತ ಬಾಳಿಕೆ, ಅಷ್ಟು ಮೇಲಕ್ಕೆ ತಿರುಗೋ ಎಂಜಿನ್ ಅಂತ ಗೊತ್ತಿಟ್ಕೊಂಡೇ ಹೋಂಡಾದವರು ಕಟ್ಟಿದಾರೆ, ಓನರ್ ಮಾಡ್ಬೇಕಾಗಿರೋದು ಪೆಟ್ರೋಲ್ ಹಾಕ್ಸಿದಾಗೆಲ್ಲ ಡಿಪ್‌ಸ್ಟಿಕ್ ಎಳೆದು ಆಯಿಲ್ ಮಟ್ಟ ನೋಡೋದು, ಚೈನ್ ಟೆನ್ಷನರ್ ಗರಗರ ಅಂದ್ರೆ ಬದಲಾಯಿಸೋದು. ಫೆರಾರಿ ಎಫ್355 ಬೆಲೆ ನೋಡಿ ಆಸೆ ಪಡೋರಿಗೆ ಒಂದೇ ಮಾತು, ಅದರ ಟೈಮಿಂಗ್ ಬೆಲ್ಟ್ ಬದಲಾಯಿಸ್ಬೇಕಾದ್ರೆ ಇಡೀ ಎಂಜಿನ್ ಕೆಳಗಿಳಿಸ್ಬೇಕು, ಮತ್ತೆ ಆ ಬೆಲ್ಟ್ ಮೈಲಿ ನೋಡಲ್ಲ, ವರ್ಷ ನೋಡುತ್ತೆ.

ಮಿಯಾಟಾ ಬಗ್ಗೆ ಸ್ವಲ್ಪ ನಿಂತು ಹೇಳ್ಬೇಕು, ಮೊದಲನೇ ಸ್ಪೋರ್ಟ್ಸ್ ಕಾರು ಅಂತ ಯಾರಾದ್ರೂ ಕೇಳಿದ್ರೆ ನಾನು ಕಣ್ಮುಚ್ಚಿ ಹೇಳೋ ಹೆಸರು ಅದು. 1989ರಲ್ಲಿ ಬಂತು, 2016ಕ್ಕೆ 10 ಲಕ್ಷ ಕಾರು ತಯಾರಾಗಿದ್ವು, ಎರಡು ಸೀಟಿನ ಸ್ಪೋರ್ಟ್ಸ್ ಕಾರಲ್ಲಿ ಇಷ್ಟು ಯಾವ್ದೂ ಮಾರಾಟ ಆಗಿಲ್ಲ. 60,000 ಮೈಲಿಗೆ ಟೈಮಿಂಗ್ ಬೆಲ್ಟ್, ಅದೇ ಜಾಗ ಬಿಚ್ಚಿದಾಗ ವಾಟರ್ ಪಂಪ್, ಸೀಲುಗಳು. ಮೊದಲ ಕಾಲದ ಎಂಜಿನ್‌ಗಳಲ್ಲಿ ಬೆಲ್ಟ್ ತುಂಡಾದ್ರೂ ವಾಲ್ವ್ ಪಿಸ್ಟನ್‌ಗೆ ಬಡಿಯಲ್ಲ, ದೊಡ್ಡ ಸಮಾಧಾನ. ಬಾನೆಟ್ ಎತ್ತಿದ ತಕ್ಷಣ ರೇಡಿಯೇಟರ್ ಮೇಲಿನ ಪ್ಲಾಸ್ಟಿಕ್ ಟ್ಯಾಂಕ್ ಬಣ್ಣ ನೋಡಿ. ಹೊಸದರಲ್ಲಿ ಕಪ್ಪು. ಶಾಖ ತಿಂದು ತಿಂದು ಕಂದಾಗಿ, ಆಮೇಲೆ ಒಂಥರಾ ಹಸಿರು ಮಿಶ್ರಿತ ಹಳದಿಗೆ ತಿರುಗುತ್ತೆ, ಆ ಬಣ್ಣ ಬಂದಿದೆ ಅಂದ್ರೆ ಯಾವತ್ತು ಬೇಕಾದ್ರೂ ಸೀಳಬಹುದು, ಸೀಳಿದ ದಿನ ಗಮನಿಸದೆ ಎರಡು ಮೈಲಿ ಓಡಿಸಿದ್ರೆ ಹೆಡ್ ಗ್ಯಾಸ್ಕೆಟ್ ಹೋಯ್ತು. ಸ್ವಲ್ಪ ದುಡ್ಡಿನ ರೇಡಿಯೇಟರ್‌ಗೋಸ್ಕರ ಎಂಜಿನ್ ಕಳ್ಕೊಳ್ಳೋದು ನನಗೆ ನಿಜವಾಗ್ಲೂ ಹೊಟ್ಟೆ ಉರಿಸುತ್ತೆ. ಇನ್ನೊಂದು, ಮಡಿಚೋ ಟಾಪ್ ಮೇಲೆ ಬಿದ್ದ ಮಳೆನೀರು ಸೀಟಿನ ಹಿಂದಿರೋ ಎರಡು ಡ್ರೈನ್ ಕೊಳವೆಗಳಲ್ಲಿ ಇಳಿದು ಹೊರಗೆ ಹೋಗ್ಬೇಕು, ಎಲೆ ಕಸ ಸೇರಿ ಕಟ್ಕೊಂಡ್ರೆ ಆ ನೀರು ಕಾರೊಳಗೇ ನಿಂತು ಬಾಗಿಲ ಕೆಳಗಿನ ಸಿಲ್ ಒಳಗಿಂದ ತುಕ್ಕು ತಿನ್ನುತ್ತೆ. ಬಾಕ್ಸ್‌ಸ್ಟರ್‌ನಲ್ಲಿ ಇದೇ ಡ್ರೈನ್ ಕಟ್ಕೊಂಡ್ರೆ ನೀರು ಸೀಟಿನ ಕೆಳಗಿರೋ ಅಲಾರಂ ಮಾಡ್ಯೂಲ್‌ಗೆ ಹೋಗುತ್ತೆ, ಆಮೇಲೆ ಕಾರು ಸ್ಟಾರ್ಟೇ ಆಗಲ್ಲ. ಮಳೆಗಾಲಕ್ಕೆ ಮುಂಚೆ ಒಂದು ಮೆತ್ತನೆ ನೈಲಾನ್ ದಾರ ಹಾಕಿ ಚುಚ್ಚಿ ನೀರು ಹೊಯ್ದು ನೋಡಿ, ಅಷ್ಟೇ.

ಟೈರ್ ವಿಷಯಕ್ಕೆ ಬರೋಣ, ಇದು ಪ್ರಾಣದ ವಿಷಯ. 2013ರ ನವೆಂಬರ್‌ನಲ್ಲಿ ಇದೇ ಕ್ಯಾಲಿಫೋರ್ನಿಯಾದ ಸಾಂಟಾ ಕ್ಲಾರಿಟಾದಲ್ಲಿ ನಟ ಪಾಲ್ ವಾಕರ್ ಇದ್ದ ಪೋರ್ಷೆ ಕರೇರಾ ಜಿಟಿ ಅಪಘಾತ ನಿಮಗೆ ನೆನಪಿರಬಹುದು. ತನಿಖೇಲಿ ಮುಖ್ಯ ಕಾರಣ ಅಂತ ಬಂದಿದ್ದು ವೇಗವೇ, ಅದರಲ್ಲಿ ಅನುಮಾನ ಇಲ್ಲ, ಆದ್ರೆ ಅದೇ ವರದೀಲಿ ಇನ್ನೊಂದು ಸಾಲಿದೆ, ಟೈರುಗಳಿಗೆ 9 ವರ್ಷ ಆಗಿತ್ತು ಅಂತ. ಕಮ್ಮಿ ಓಡೋ ಕಾರಲ್ಲಿ ಟೈರಿನ ಗೆರೆ ಸವೆಯೋದೇ ಇಲ್ಲ, ನೋಡಕ್ಕೆ ಹೊಸದರ ಹಾಗೇ, ಒಳಗೆ ರಬ್ಬರ್ ಗಟ್ಟಿಯಾಗಿ ಹಿಡಿತ ಹೋಗಿರುತ್ತೆ. ಟೈರ್ ಪಕ್ಕದಲ್ಲಿ ನಾಲ್ಕು ಅಂಕಿ ಇರುತ್ತೆ, 2318 ಅಂದ್ರೆ 2018ನೇ ಇಸವಿಯ 23ನೇ ವಾರ. ಆರು ವರ್ಷ ದಾಟಿದ್ರೆ ನಾನಂತೂ ಅದರ ಮೇಲೆ ಜೋರಾಗಿ ಓಡಿಸಲ್ಲ. ಬ್ರೇಕ್ ಫ್ಲೂಯಿಡ್‌ಗೂ ಇದೇ ಮಾತು, ಅದು ಗಾಳಿಯಿಂದ ನೀರು ಹೀರುತ್ತೆ, ಓಡಿದ್ರೂ ಓಡದಿದ್ರೂ ಎರಡು ವರ್ಷಕ್ಕೆ ಬದಲಾಯಿಸಿ. ಸಸ್ಪೆನ್ಷನ್ ಬುಶ್‌ಗಳು, ಕೂಲೆಂಟ್ ಹೋಸ್‌ಗಳು, ಎಲ್ಲವೂ ಕ್ಯಾಲೆಂಡರ್ ಲೆಕ್ಕ.

ದುಡ್ಡಿನ ಬಗ್ಗೆ ಹೆಚ್ಚು ಹೇಳಲ್ಲ. ಕಾರಿನ ಬೆಲೆ ಇಳಿದಿದೆ ಅಂತ ಪಾರ್ಟ್ಸ್ ಬೆಲೆ ಇಳಿಯಲ್ಲ. ಕೈಲಿರೋ ದುಡ್ಡನ್ನೆಲ್ಲ ಕಾರಿಗೇ ಸುರೀಬೇಡಿ, ಕಾಲು ಭಾಗ ಮೊದಲ ವರ್ಷದ ಕೆಲಸಕ್ಕೆ ಅಂತ ಪಕ್ಕಕ್ಕಿಡಿ. ಫೈಲ್ ತುಂಬ ಬಿಲ್ ಇರೋ 1,30,000 ಮೈಲಿ ಕಾರು, ಒಂದೂ ಬಿಲ್ ಇಲ್ಲದ 40,000 ಮೈಲಿ ಕಾರು, ಎರಡೂ ಒಂದೇ ಬೆಲೆಗೆ ಸಿಕ್ತಿದ್ರೆ ನಾನು ಯೋಚನೆನೂ ಮಾಡದೆ ಮೊದಲನೇದು ತಗೋತೀನಿ.

ಈಗ ಪ್ರಶ್ನೆಗಳು.

ಒಬ್ರು ಕೇಳಿದ್ರು, ಮಾರೋರು ಚೆಕ್ ಎಂಜಿನ್ ಲೈಟ್ ಅಳಿಸಿ ತಂದಿದ್ರೆ ಹೇಗೆ ಗೊತ್ತಾಗುತ್ತೆ ಅಂತ. ಒಳ್ಳೇ ಪ್ರಶ್ನೆ. ಕಾರಿನ ಕಂಪ್ಯೂಟರ್ ಓದೋ ಒಂದು ಸಾಧಾರಣ ಓಬಿಡಿ ರೀಡರ್ ಜೇಬಲ್ಲಿಟ್ಕೊಂಡು ಹೋಗಿ, ತೊಂದರೆಯ ಕೋಡ್ ನೋಡ್ಬೇಡಿ, ಕಾರು ತನ್ನ ಪರೀಕ್ಷೆ ಮುಗಿಸಿದೆಯಾ ಅಂತ ಹೇಳೋ ರೆಡಿನೆಸ್ ಮಾನಿಟರ್ ನೋಡಿ. ಕೋಡ್ ಅಳಿಸಿದ್ರೆ ಅಥವಾ ಬ್ಯಾಟರಿ ಬಿಚ್ಚಿದ್ರೆ ಕ್ಯಾಟಲಿಸ್ಟ್, ಆಕ್ಸಿಜನ್ ಸೆನ್ಸರ್ ಎಲ್ಲ "ನಾಟ್ ರೆಡಿ" ಅಂತ ಬರುತ್ತೆ, ಪೂರ್ತಿ ರೆಡಿ ಆಗಕ್ಕೆ ಕೆಲವು ದಿನ ಓಡಿಸ್ಬೇಕು. ಹಾಗೆ ಬಂದ್ರೆ ವಾರ ಬಿಟ್ಟು ಬರ್ತೀನಿ ಅನ್ನಿ. ಹೋಗೋ ಮುಂಚೆ ಎಂಜಿನ್ ಬಿಸಿ ಮಾಡಿಡಬೇಡಿ ಅಂತಾನೂ ಹೇಳಿ, ತಣ್ಣನೆ ಸ್ಟಾರ್ಟ್‌ನಲ್ಲಿ ಬರೋ ಸದ್ದು, ಹೊಗೆ ಮುಖ್ಯ. 911ರಲ್ಲಿ ಎರಡು ಕಡೆ ಎಕ್ಸಾಸ್ಟ್ ಪೈಪ್ ಇದೆಯಲ್ಲ, ಒಂದು ಕಡೇದು ಮಾತ್ರ ಕರಿ ಹಿಡಿದಿದ್ರೆ ಆ ಕಡೆಯ ಸಿಲಿಂಡರ್‌ನಲ್ಲಿ ಗೀರು ಬಿದ್ದಿರೋ ಸಾಧ್ಯತೆ ಇದೆ, ಸಿಲಿಂಡರ್ ಒಳಗೆ ಇಳಿಸಿ ನೋಡೋ ಸಣ್ಣ ಕ್ಯಾಮೆರಾ, ಬೋರ್‌ಸ್ಕೋಪ್, ಹಾಕಿಸ್ದೆ ತಗೋಬೇಡಿ.

ಇನ್ನೊಬ್ರು ಮುಂದಿನ ವರ್ಷ ಬೆಂಗಳೂರಿಗೆ ವಾಪಸ್ ಹೋಗ್ತಿದಾರೆ, ತಮ್ಮ ಹಳೇ ಕಾರು ತಗೊಂಡು ಹೋಗ್ಬಹುದಾ ಅಂತ ಕೇಳಿದ್ರು. ಆಗಲ್ಲ. ಭಾರತಕ್ಕೆ ತರೋ ಬಳಸಿದ ಕಾರು ಮೂರು ವರ್ಷಕ್ಕಿಂತ ಹಳೇದಾಗಿರಬಾರದು, ಸ್ಟೀರಿಂಗ್ ಬಲಗಡೆ ಇರ್ಬೇಕು, ಇಲ್ಲಿಯ ಕಾರು ಎರಡಕ್ಕೂ ಸಲ್ಲಲ್ಲ. ಅಲ್ಲೇ ಒಂದು ಹಳೇ ಸ್ಪೋರ್ಟ್ಸ್ ಕಾರು ತಗೊಂಡ್ರೆ ಕಮ್ಮಿ ಓಡಿರೋದೇ ಸಿಗೋದು, ಹಾಗಾಗಿ ಇವತ್ತು ಹೇಳಿದ್ದೆಲ್ಲ ಅಲ್ಲಿಗೆ ಇನ್ನೂ ಜಾಸ್ತಿ ಅನ್ವಯ ಆಗುತ್ತೆ. ಮೇಲಿಂದ ಅಲ್ಲೀಗ ಬಂಕ್‌ಗಳಲ್ಲಿ ಇ20, ಅಂದ್ರೆ 20% ಎಥನಾಲ್ ಇರೋ ಪೆಟ್ರೋಲ್, ಇಲ್ಲಿ ನಾವು ಹಾಕೋದು 10%. ಎಥನಾಲ್ ನೀರು ಹೀರುತ್ತೆ, ಅದಕ್ಕೆ ಅಂತ ತಯಾರಾಗದ ಹಳೇ ರಬ್ಬರ್ ಹೋಸ್, ಸೀಲುಗಳನ್ನ ಕ್ರಮೇಣ ಹಾಳು ಮಾಡುತ್ತೆ, ನಿಂತ ಕಾರಿನ ಟ್ಯಾಂಕಲ್ಲಂತೂ ತಿಂಗಳುಗಟ್ಟಲೆ ಬಿಡಲೇಬಾರದು. ತಗೊಂಡ ತಕ್ಷಣ ಎಂಜಿನ್ ಹತ್ರ ಇರೋ ಇಂಧನದ ಹೋಸ್‌ಗಳನ್ನೆಲ್ಲ ಎಥನಾಲ್ ತಡೆಯೋ ಹೊಸ ಹೋಸ್‌ಗೆ ಬದಲಾಯಿಸಿ, ಬೇಸ್‌ಮೆಂಟ್ ಪಾರ್ಕಿಂಗ್ ಆದ್ರೆ ಇಲಿ ವೈರ್ ಕಡಿದಿದೆಯಾ ಅಂತ ಆಗಾಗ ಬಾನೆಟ್ ಎತ್ತಿ ನೋಡ್ತಿರಿ, ಭಾನುವಾರ ಬೆಳಗ್ಗೆ ಟ್ರಾಫಿಕ್ ಏಳೋ ಮುಂಚೆ ನಂದಿ ಬೆಟ್ಟದ ಕಡೆನೋ ಮೈಸೂರು ಕಡೆನೋ ಆಯಿಲ್ ಪೂರ್ತಿ ಕಾಯೋವಷ್ಟು ದೂರ ಓಡಿಸ್ಕೊಂಡು ಬನ್ನಿ.